ಕಾವು ಕೂರದ ಕೋಳಿ

ಭಾರತದಲ್ಲಿ ಸೇವೆ ಮಾಡಬೇಕೆಂದು ಸಮುದ್ರ ದಾಟಿ ಬಂದು ನಮ್ಮ ಮನೆಯ ಮಹಡಿಯಲ್ಲಿ ಇಳಿದುಕೊಳ್ಳುವ ಮಕ್ಕಳಿಗೆ ಮೊದಲ ಸೇವೆ ನಾವೇ ಮಾಡಬೇಕಾಗುತ್ತದೆ. ಬಚ್ಚಲು ತೋರಿಸಬೇಕು. ಇದು ಹಂಡೆ, ಇದು ತಣ್ಣೀರಿನ ತೊಟ್ಟಿ, ಈ ಬಕೆಟ್ಟಿನಲ್ಲಿ ಎರಡನ್ನೂ ಬೆರೆಸಿಕೊಳ್ಳಬೇಕು, ಹಂಡೆಯೊಳಗೆ ಇಳಿಯುವ ಹಾಗಿಲ್ಲ. ನಗಬೇಡಿ, ಒಬ್ಬ ಹುಡುಗ ಇಳಿಯಲು ಕಾಲೆತ್ತಿದ್ದ. ಬಚ್ಚಲು ಮುಗಿದರೆ ಫಾರ್ಮ್ ಸಿ. ಪರದೇಶದವರು ಮನೆಯಲ್ಲಿ ಇಳಿದುಕೊಂಡರೆ ಅವರ ಪಾಸ್‌ಪೋರ್ಟು, ವೀಸಾ, ಎಲ್ಲಿಂದ ಬಂದರು, ಇಲ್ಲಿಂದ ಎಲ್ಲಿಗೆ ಹೋಗುತ್ತಾರೆ ಎಂಬುದನ್ನೆಲ್ಲ 24 ಗಂಟೆಯೊಳಗೆ ವಿದೇಶಿಯರ ನೋಂದಣಿ ಕಚೇರಿಗೆ ಇಂಟರ್‌ನೆಟ್ಟಿನಲ್ಲಿ ತಿಳಿಸುವುದು ಮನೆಯವರ ಜವಾಬ್ದಾರಿ. ಫೋಟೋ ದೊಡ್ಡದಾಯಿತು ಎಂದು ಕಂಪ್ಯೂಟರು ಒಪ್ಪುವುದಿಲ್ಲ. ಚಿಕ್ಕದು ಮಾಡುವಷ್ಟರಲ್ಲಿ ಕರೆಂಟು ಹೋಗುತ್ತದೆ. "ಮಗಳ ಮದುವೆಗೂ ಇಷ್ಟು ಕಾಗದ ಓಡಿಸಲಿಲ್ಲ ಕಣೆ" ಎಂದು ನಮ್ಮ ಯಜಮಾನರು ಗೊಣಗುತ್ತಾರೆ. ಸೇವೆಗೆ ಬಂದವರು ಅಷ್ಟು ಹೊತ್ತಿಗೆ ಪ್ರಯಾಣದ ಆಯಾಸಕ್ಕೆ ಮಲಗಿ ಗೊರಕೆ ಹೊಡೆಯುತ್ತಿರುತ್ತಾರೆ.

ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಹೇಳಿ ನಿವೃತ್ತಳಾದವಳು. ಪಿರಿಯಾಪಟ್ಟಣ ತಾಲ್ಲೂಕಿನ ಈ ಊರಿನಲ್ಲಿ ಇಂಗ್ಲಿಷ್ ಬರುವ, ಮಕ್ಕಳು ಬೆಂಗಳೂರು ಸೇರಿ ಮಹಡಿ ಖಾಲಿ ಬಿದ್ದಿರುವ ಮನೆ ಯಾವುದು ಎಂದು ಕೇಳಿದವರಿಗೆ ಯಾರೋ ನಮ್ಮದನ್ನು ತೋರಿಸಿದರಂತೆ. ಸ್ವಯಂಸೇವಕರನ್ನು ಕಳಿಸುವ ಸಂಸ್ಥೆಯವರು ಬಂದು ಊಟ, ವಸತಿಗೆ ಇಷ್ಟು ಎಂದು ಮಾತಾಡಿದರು. ಬರುವ ಮಕ್ಕಳಿಗೆ ಸಂಬಳ ಎಷ್ಟು ಎಂದು ಕೇಳಿದೆ. ಸಂಬಳವಿಲ್ಲ, ಅವರೇ ಶುಲ್ಕ ಕಟ್ಟಿ ಬರುತ್ತಾರೆ ಎಂದರು. ದುಡ್ಡು ಕೊಟ್ಟು ಕೆಲಸಕ್ಕೆ ಸೇರುವವರನ್ನು ನಾನೂ ಸಾಕಷ್ಟು ಕಂಡಿದ್ದೆ. ಆದರೆ ಅವರೆಲ್ಲ ಸೇರಿದ ಮೇಲೆ ಬಡ್ಡಿ ಸಮೇತ ವಸೂಲಿ ಮಾಡಿಕೊಳ್ಳುತ್ತಿದ್ದರು.

ಸೇವೆಗೆಂದು ಬಂದ ಬಿಳಿಯನನ್ನು ನಾನು ಮೊದಲು ನೋಡಿದ್ದು ನಂಜನಗೂಡಿನ ಹತ್ತಿರದ ನನ್ನ ತವರಿನಲ್ಲಿ, ಇನ್ನೂ ಮೈಸೂರು ರಾಜ್ಯವೆಂಬ ಹೆಸರಿದ್ದ ಕಾಲದಲ್ಲಿ. ಶಾನುಭೋಗರ ಮನೆಯ ಹೊರಕೋಣೆಗೆ ಅಮೆರಿಕದ ಹುಡುಗನೊಬ್ಬ ಬಾಡಿಗೆಗೆ ಬಂದ. ಇಪ್ಪತ್ತೆರಡೋ ಇಪ್ಪತ್ತಮೂರೋ ವಯಸ್ಸು. ಕಡ್ಡಿಯಂಥ ಮೈ, ಬಿಸಿಲಿಗೆ ಸಿಪ್ಪೆ ಸುಲಿದ ಮೂಗು, ಸೈಕಲ್ಲಿನ ಕ್ಯಾರಿಯರಿನಲ್ಲಿ ಚಿಂವ್ ಚಿಂವ್ ಎನ್ನುವ ರಟ್ಟಿನ ಪೆಟ್ಟಿಗೆ. ಊರಿಗೆ ಊರೇ ಅವನನ್ನು ಕೋಳಿ ದೊರೆ ಎಂದು ಕರೆಯಿತು. ಅವನು ಕಲಿತು ಬಂದದ್ದು ಪುಸ್ತಕದ ಕನ್ನಡ. ಗದ್ದೆಯಿಂದ ಬರುತ್ತಿದ್ದವರನ್ನು ತಡೆದು "ತಾವು ಕುಕ್ಕುಟಗಳನ್ನು ಸಾಕುವಿರಾ?" ಎಂದು ಕೇಳಿದಾಗ ಅವರು ಇದೇನೋ ಕಂದಾಯದ ವಿಷಯವೆಂದು ಹೆದರಿ ಮೇಷ್ಟರನ್ನು ಕರೆತಂದಿದ್ದರಂತೆ.

ಅವನು ಪೀಸ್ ಕೋರಿನವನು ಎಂದು ನನಗೆ ತಿಳಿದದ್ದು ಕಾಲೇಜಿಗೆ ಹೋದ ಮೇಲೆ. ಅಧ್ಯಕ್ಷ ಕೆನಡಿ 1961ರ ಮಾರ್ಚಿನಲ್ಲಿ ಹುಟ್ಟುಹಾಕಿದ ಪಡೆ ಅದು. ಸೇರಿದವರು ಬಡದೇಶಗಳಿಗೆ ಹೋಗಿ ಎರಡು ವರ್ಷ ಅಲ್ಲಿಯವರ ಹಾಗೆಯೇ ಬದುಕಿ ಕೆಲಸ ಮಾಡಬೇಕು. ಅದರ ಮೊದಲ ನಿರ್ದೇಶಕ ಸಾರ್ಜೆಂಟ್ ಶ್ರೈವರ್ ಅದೇ ವರ್ಷ ದೆಹಲಿಗೆ ಬಂದು ನೆಹರೂ ಅವರನ್ನು ಕಂಡರು. ಆಗ ನಡೆದ ಮಾತು ಆಮೇಲೆ ಕಥೆಯಾಗಿ ಹರಡಿತು. ನಿಮ್ಮ ಮಕ್ಕಳು ಇಲ್ಲಿ ಒಂದಷ್ಟು ಕಲಿಯಬಹುದು, ಪಂಜಾಬಿಗೆ ಕಳಿಸಿ, ಆದರೆ ಅವರು ಹೊರಡುವಾಗಲೂ ಪಂಜಾಬು ಹೆಚ್ಚುಕಡಿಮೆ ಹೀಗೇ ಇದ್ದರೆ ಬೇಸರಪಟ್ಟುಕೊಳ್ಳಬೇಡಿ ಎಂಬ ಅರ್ಥದಲ್ಲಿ ನೆಹರೂ ಹೇಳಿದರಂತೆ. ಪರದೇಶದ ಸ್ವಯಂಸೇವಕರನ್ನು ಇಷ್ಟು ಮರ್ಯಾದೆಯಿಂದ ಕುಟುಕಿದವರು ಮತ್ತೊಬ್ಬರಿರಲಾರರು. ಆ ವರ್ಷದ ಕೊನೆಗೆ ಮೊದಲ ತಂಡ ಪಂಜಾಬಿಗೇ ಬಂತು. ಆಮೇಲೆ ದೇಶದ ತುಂಬ ಹರಡಿಕೊಂಡರು. 1971ರ ಬಾಂಗ್ಲಾ ಯುದ್ಧದ ಹೊತ್ತಿಗೆ ಭಾರತ, ಅಮೆರಿಕ ಸರ್ಕಾರಗಳ ನಡುವೆ ಮುಖ ಕೆಟ್ಟು, 1976ರಲ್ಲಿ ಕೊನೆಯವರೂ ಹೊರಟಾಗ ನಾಲ್ಕು ಸಾವಿರಕ್ಕೂ ಹೆಚ್ಚು ಜನ ಬಂದು ಹೋದ ಲೆಕ್ಕವಾಗಿತ್ತು. ಕೋಳಿ ಸಾಕಣೆ ಅವರ ದೊಡ್ಡ ಕೆಲಸಗಳಲ್ಲಿ ಒಂದು.

ನಮ್ಮ ದೊರೆ ತಂದದ್ದು ಬಿಳಿ ಲೆಗ್‌ಹಾರ್ನ್. ನೆಲಕ್ಕೆ ಭತ್ತದ ಹೊಟ್ಟು ದಪ್ಪಗೆ ಹಾಸಿ, ಅದು ಹಸಿಯಾಗದಂತೆ ಆಗಾಗ ಕೆದರಿ, ಕೋಳಿಗಳನ್ನು ಒಳಗೇ ಕೂಡಿ ಸಾಕುವ ಡೀಪ್ ಲಿಟರ್ ಪದ್ಧತಿ. ತಿಪ್ಪೆ ಕೆದಕಿ ತನ್ನ ಹೊಟ್ಟೆ ತಾನೇ ಹೊರೆದುಕೊಳ್ಳುವ ಪ್ರಾಣಿಗೆ ಮನೆ ಕಟ್ಟಿಸಿ, ಹಿಂಡಿ ಜೋಳ ಕೊಂಡು ತಂದು ಹಾಕುವುದೆಂದರೆ ಊರಿಗೆ ತಮಾಷೆ. ನಮ್ಮದು ಲಿಂಗಾಯತರ ಕೇರಿ. ಆದರೂ ಬಿಡದೆ ಅವನು ನಮ್ಮ ಜಗುಲಿಗೂ ಬಂದ. ಹುಂಜವಿಲ್ಲದೆ ಇಟ್ಟ ಮೊಟ್ಟೆಯಲ್ಲಿ ಜೀವ ಇರುವುದಿಲ್ಲ, ಅದೂ ಹಾಲಿದ್ದ ಹಾಗೆಯೇ, ಗಾಂಧೀಜಿಯೇ ಬರೆದಿದ್ದಾರೆ ಎಂದ. ಅವನು ಹೇಳಿದ್ದು ಸುಳ್ಳಲ್ಲ. ಗಾಂಧೀಜಿ 1942ರಲ್ಲಿ ಸೆರೆಯಲ್ಲಿದ್ದಾಗ ಆರೋಗ್ಯದ ಬಗ್ಗೆ ಬರೆದ ಪುಟ್ಟ ಪುಸ್ತಕದಲ್ಲಿ, ಹಾಲು ಕುಡಿಯುವವರಿಗೆ ಇಂಥ ಮೊಟ್ಟೆ ವರ್ಜ್ಯವಾಗಬೇಕಿಲ್ಲ ಎಂಬ ಅಭಿಪ್ರಾಯವಿದೆ. ನಮ್ಮಜ್ಜಿ ಬಾಯಲ್ಲಿದ್ದ ಎಲೆಯಡಿಕೆ ಉಗಿದು ಬಂದು, "ಗಾಂಧಿ ಹೇಳಿರಬಹುದು ಕಣಪ್ಪ, ನಮ್ಮ ಮಠದ ಬುದ್ಧಿಯವರು ಹೇಳಲಿಲ್ಲವಲ್ಲ" ಎಂದರು. ಒಳಗೆ ಹೋಗಿ ಒಂದು ಲೋಟ ಹಾಲು ತಂದು ಅವನ ಕೈಗಿಟ್ಟು, "ಒಣಕೊಂಡು ಹೋಗಿದ್ದೀಯ, ದಿನಾ ಬಂದು ಕುಡಿದು ಹೋಗು" ಎಂದರು. ಅಲ್ಲಿಂದ ಮುಂದೆ ಅವನು ಬಂದದ್ದು ಹಾಲಿಗೆ. ಮೊಟ್ಟೆಯ ಮಾತೆತ್ತಲಿಲ್ಲ.

ಕೋಳಿ ಸಾಕುವ ಕೇರಿಯ ಹೆಂಗಸರ ತಕರಾರೇ ಬೇರೆ. ಲೆಗ್‌ಹಾರ್ನ್ ಮೊಟ್ಟೆ ಇಡುತ್ತದೆ, ಕಾವಿಗೆ ಕೂರುವುದಿಲ್ಲ. ಕಾವಿಗೆ ಕೂತ ಕೋಳಿ ಮೊಟ್ಟೆ ನಿಲ್ಲಿಸುತ್ತದೆ, ವ್ಯಾಪಾರಕ್ಕೆ ಅದು ನಷ್ಟ. ಹಾಗಾಗಿ ತಳಿ ಬೆಳೆಸಿದವರು ಕೂರದ ಕೋಳಿಗಳನ್ನೇ ಆರಿಸುತ್ತ ಬಂದು ಆ ಗುಣವನ್ನೇ ಕಳೆದಿದ್ದಾರೆ. ನಮ್ಮೂರ ಹೆಂಗಸರ ಕಣ್ಣಿಗೆ, ಇಟ್ಟ ಮೊಟ್ಟೆಯ ಕಡೆ ತಿರುಗಿಯೂ ನೋಡದೆ ಎದ್ದು ಹೋಗುವ ತಾಯಿ ಎಂದರೆ ಕಲಿಗಾಲ. ಅವರು ಗುಟ್ಟಾಗಿ ಒಂದು ಹುಂಜ ಬಿಟ್ಟು, ಬಿಳಿಕೋಳಿಯ ಮೊಟ್ಟೆ ತಂದು ನಾಟಿಕೋಳಿಯ ಅಡಿಗಿಟ್ಟು ಮರಿ ಮಾಡಿಸಿಕೊಂಡರು. ದೊರೆಗೆ ಗೊತ್ತಾದಾಗ ಅವನು ನೋಟ್‌ಬುಕ್ ತೆಗೆದು ಬರೆದುಕೊಂಡ. ಎರಡನೆಯ ಬೇಸಿಗೆಗೆ ಕೊಕ್ಕರೆ ರೋಗ ಬಂತು. ಲಸಿಕೆ ಬೇಕಾದ ಹೊತ್ತಿಗೆ ಬರಲಿಲ್ಲ. ಕತ್ತು ತಿರುಚಿಕೊಂಡು ಬಿದ್ದ ಕೋಳಿಗಳನ್ನು ಅವನೇ ಗುಂಡಿ ತೋಡಿ, ಸುಣ್ಣ ಎರಚಿ ಹೂತ. ಅವಧಿ ಮುಗಿದು ಹೊರಟ ಮೇಲೆ ಕೋಳಿಮನೆಗೆ ಹುಲ್ಲು ತುಂಬಿದರು. ಅವನ ಹಿಂದೆ ಲಸಿಕೆಯ ಪೆಟ್ಟಿಗೆ ಹೊತ್ತು ತಿರುಗುತ್ತಿದ್ದ ಹುಡುಗನೊಬ್ಬ ಮುಂದೆ ಕೋಳಿ ಆಹಾರದ ಅಂಗಡಿ ಇಟ್ಟು ತಾರಸಿ ಮನೆ ಕಟ್ಟಿಸಿದ. ಇದನ್ನು ಯಾವ ವರದಿಯವರೂ ಬಂದು ಬರೆದುಕೊಳ್ಳಲಿಲ್ಲ.

ಈಗ ಎರಡು ವಾರಕ್ಕೆ ಬಂದು ಹೋಗುವವರನ್ನು ಕಂಡಾಗಲೆಲ್ಲ ನನಗೆ ಆ ಬಿಳಿಕೋಳಿಗಳದ್ದೇ ನೆನಪು. ಉತ್ಸಾಹಕ್ಕೆ ಕೊರತೆಯಿಲ್ಲ, ದಿನಕ್ಕೊಂದು ಯೋಜನೆ ಇಡುತ್ತಾರೆ. ಕಾವು ಕೂರುವುದು ನಮ್ಮ ನಾಟಿಗಳ ಪಾಲಿಗೆ: ಶಾಲೆಯ ಮೇಷ್ಟರು, ಅಂಗನವಾಡಿ ಟೀಚರು, ಆಶಾ ಕಾರ್ಯಕರ್ತೆ. ಕೂತು ಮರಿ ಮಾಡಿಸಿದ ಪರದೇಶದವರೂ ಇಲ್ಲದಿಲ್ಲ. ಸ್ಯಾಮ್ಯುಯೆಲ್ ಸ್ಟೋಕ್ಸ್ ಎಂಬ ಅಮೆರಿಕನ್ 1904ರಲ್ಲಿ ಶಿಮ್ಲಾ ಕಡೆಯ ಸಬಾತೂವಿನ ಕುಷ್ಠರೋಗಿಗಳ ಆಶ್ರಮಕ್ಕೆ ಕೆಲಸ ಮಾಡಲು ಬಂದವರು ವಾಪಸು ಹೋಗಲೇ ಇಲ್ಲ. ಅಲ್ಲಿಯ ಹುಡುಗಿಯನ್ನೇ ಮದುವೆಯಾದರು, ಕೋಟಗಢದಲ್ಲಿ ಅಮೆರಿಕದ ರೆಡ್ ಡಿಲೀಷಿಯಸ್ ಸೇಬಿನ ಗಿಡ ತಂದು ನೆಟ್ಟರು, ಸ್ವಾತಂತ್ರ್ಯ ಚಳವಳಿಯಲ್ಲಿ ಜೈಲಿಗೂ ಹೋದರು, ಸತ್ಯಾನಂದ ಎಂದು ಹೆಸರು ಬದಲಿಸಿಕೊಂಡರು. ಹಿಮಾಚಲದ ಇಂದಿನ ಸೇಬಿನ ಸಿರಿಗೆ ಆ ತೋಟವೇ ಮೂಲ. ಅಷ್ಟು ಗಟ್ಟಿ ಮನಸ್ಸು ಎಲ್ಲರಿಗೂ ಇರಬೇಕೆಂದರೆ ಆಗದು. ನಾನು ಕೇಳುವುದು ಒಂದು ಮಳೆಗಾಲವನ್ನಾದರೂ ಇಲ್ಲಿ ಕಳೆಯಿರಿ ಎಂದಷ್ಟೆ.

ಬರುವವರ ಕೈಗೆ ಸಾಮಾನ್ಯವಾಗಿ ಒಪ್ಪಿಸುವುದು ಪ್ರಾಥಮಿಕ ಶಾಲೆಯ ಮಕ್ಕಳನ್ನು. ತಲೆ, ಹೆಗಲು, ಮಂಡಿ ಮುಟ್ಟಿಕೊಂಡು ಹಾಡುವ ಇಂಗ್ಲಿಷ್ ಹಾಡೊಂದಿದೆಯಲ್ಲ, ಪ್ರತಿ ತಂಡವೂ ಅದನ್ನೇ ಕಲಿಸುತ್ತದೆ. ನಮ್ಮ ಶಾಲೆಯ ಮಕ್ಕಳಿಗೆ ಅದು ಒಂದನೇ ತರಗತಿಯಿಂದ ಬಾಯಿಪಾಠ. ಆದರೂ ಹೊಸಬರು ಬಂದು "ತಲೆ" ಎಂದು ತೋರಿಸಿದರೆ ಐದನೇ ತರಗತಿಯ ಹುಡುಗಿಯರು ಗೊತ್ತಿಲ್ಲದವರ ಹಾಗೆ ಹೆಗಲು ಮುಟ್ಟಿಕೊಳ್ಳುತ್ತಾರೆ. ನಿಧಾನವಾಗಿ, ಒಂದು ವಾರ ತೆಗೆದುಕೊಂಡು ಕಲಿಯುತ್ತಾರೆ. "ಯಾಕ್ರೇ ಹೀಗೆ?" ಎಂದು ಒಬ್ಬಳನ್ನು ಕೇಳಿದರೆ, "ಪಾಪ ಮಿಸ್, ಅಷ್ಟು ದೂರದಿಂದ ಬಂದವ್ರೆ" ಎಂದಳು. ಶಾಲೆಯ ಗೋಡೆಗೂ ಇದೇ ಗತಿ. ಒಂದು ತಂಡ ಹಳದಿ ಬಳಿದರೆ ಮುಂದಿನದು ನೀಲಿ. ಶೌಚಾಲಯದ ನೀರಿನ ಮೋಟಾರು ಮಾತ್ರ ಅದೇ ಹಳೆಯದು. ಅದರ ಜೊತೆ ಫೋಟೋ ಯಾರಿಗೂ ಬೇಕಿಲ್ಲ.

ನಮ್ಮದು ವರ್ಜೀನಿಯಾ ತಂಬಾಕಿನ ಸೀಮೆ. ಪರಿಸರದ ಕೆಲಸಕ್ಕೆಂದು ಬಂದ ಹುಡುಗನೊಬ್ಬ ತಂಬಾಕು ಹದ ಮಾಡುವ ಬ್ಯಾರನ್ನಿನ ಮುಂದೆ ಗಾಡಿಗಟ್ಟಲೆ ಸೌದೆ ಪೇರಿಸಿದ್ದನ್ನು ನೋಡಿ ನೊಂದುಕೊಂಡ. ಅದು ನೊಂದುಕೊಳ್ಳುವ ವಿಷಯವೇ. ಮಣ್ಣು, ಮರ, ಶ್ವಾಸಕೋಶ ಎಲ್ಲದರ ಬಗ್ಗೆ ರೈತರಿಗೆ ತಿಳಿವಳಿಕೆ ಹೇಳಿದ, ನಾನು ಅನುವಾದಿಸಿದೆ. ಮುಗಿಸಿ ಜಗುಲಿಯ ಮೇಲೆ ಕೂತವನು ಜೇಬಿನಿಂದ ಪೊಟ್ಟಣ ತೆಗೆದು, ತೆಳು ಕಾಗದದಲ್ಲಿ ತಂಬಾಕು ಸುತ್ತಿ, ನಾಲಿಗೆಯಿಂದ ಅಂಟಿಸಿ ಹೊಗೆ ಬಿಟ್ಟ. ರೈತರಲ್ಲಿ ಹಿರಿಯರೊಬ್ಬರು ಮೂಗರಳಿಸಿ, "ಹದ ಚೆನ್ನಾಗೈತೆ, ಯಾವ ಫ್ಲಾಟ್‌ಫಾರಮ್ಮಿಂದು ಕೇಳವ್ವ" ಎಂದರು. ತಂಬಾಕು ಹರಾಜಿನ ಕಟ್ಟೆಯನ್ನು ಅವರು ಕರೆಯುವುದು ಹಾಗೆ. ಅದೊಂದನ್ನು ನಾನು ಅನುವಾದಿಸಲಿಲ್ಲ.

ಹಾಗೆಂದು ಅವರ ಕಷ್ಟ ಕಷ್ಟವಲ್ಲವೆಂದಲ್ಲ. ಮೊದಲ ವಾರ ಹೊಟ್ಟೆ ಕೆಡುತ್ತದೆ. ಒಆರ್‌ಎಸ್ ಪೊಟ್ಟಣ, ಮಜ್ಜಿಗೆ ಅನ್ನ. ಹೆಚ್ಚು ದಿನ ಉಳಿದವರಿಗೆ ಮೂರನೆಯ ವಾರದ ಹೊತ್ತಿಗೆ ಮನಸ್ಸು ಕೆಡುತ್ತದೆ, ಅದಕ್ಕೆ ಪೊಟ್ಟಣವಿಲ್ಲ. ಎಲ್ಲಿ ಹೋದರೂ ಹತ್ತು ಜನ ಹಿಂದೆ, ಸೆಲ್ಫಿ ಎನ್ನುವವರು, ಮದುವೆಯಾಗಿದೆಯಾ ಎಂದು ಕೇಳುವವರು. ಮಾಡಲು ಬಂದ ಕೆಲಸ ಕೈಗೆ ಸಿಗುವುದಿಲ್ಲ, ಏಕೆಂದರೆ ಹಾಗೆಂದು ಒಂದು ಕೆಲಸ ಇರುವುದೇ ಇಲ್ಲ. ಜಿಮ್ಮಿ ಕಾರ್ಟರ್ ಅವರ ತಾಯಿ ಲಿಲಿಯನ್ ಅವರಿಗೂ ಹೀಗೆಯೇ ಆಯಿತು. 1966ರಲ್ಲಿ, ತಮ್ಮ 68ನೇ ವಯಸ್ಸಿನಲ್ಲಿ ಪೀಸ್ ಕೋರ್ ಸೇರಿ ಮುಂಬಯಿಯ ವಿಕ್ರೋಲಿಗೆ ಬಂದ ನರ್ಸ್ ಅವರು. ಮೊದಲು ಹಚ್ಚಿದ ಕುಟುಂಬ ಯೋಜನೆಯ ಕೆಲಸ ಅವರಿಗೆ ಹಿಡಿಸಲಿಲ್ಲ. ಅಲ್ಲಿನ ದವಾಖಾನೆ ಸೇರಿ ರೋಗಿಗಳ ಮೈ ಮುಟ್ಟತೊಡಗಿದ ಮೇಲೆಯೇ ಅವರು ನೆಲೆ ನಿಂತದ್ದು. ಮನೆಗೆ ಬರೆಯುತ್ತಿದ್ದ ಪತ್ರಗಳು ಮಗ ಅಧ್ಯಕ್ಷನಾದ 1977ರಲ್ಲಿ ಪುಸ್ತಕವಾಗಿ ಬಂದವು.

ನಮ್ಮಲ್ಲಿಗೆ ಬಂದವರಲ್ಲಿ ಊರಿನವರು ಈಗಲೂ ಕೇಳುವುದು ಒಬ್ಬಳನ್ನೇ. ಮಾತು ಕಡಿಮೆಯ ಹುಡುಗಿ, ಪಾಠ ಹೇಳಲು ಬಾರದು, ಹಾಡಲು ಬಾರದು. ಏನು ಮಾಡಿಸುವುದೆಂದು ತೋಚದೆ ಹತ್ತಿರದ ಸಣ್ಣ ಆಸ್ಪತ್ರೆಯವರು ಹಳೆಯ ರೋಗಿಗಳ ಕಾರ್ಡುಗಳ ರಾಶಿ ಅವಳ ಮುಂದೆ ಸುರಿದರು. ನಮ್ಮ ಕಡೆ ಮಹದೇವಮ್ಮ ಇಲ್ಲದ ಮನೆಯಿಲ್ಲ. ಒಂದೇ ಊರಿನ, ಒಂದೇ ವಯಸ್ಸಿನ ಮಹದೇವಮ್ಮಂದಿರ ಸಕ್ಕರೆ ಕಾಯಿಲೆ, ಬಿ.ಪಿ. ಕಾರ್ಡುಗಳು ಅದಲುಬದಲಾಗಿ, ಒಬ್ಬರ ಮಾತ್ರೆ ಇನ್ನೊಬ್ಬರಿಗೆ ಹೋಗುವುದೂ ಇತ್ತು. ಅವಳು ಮೊದಲು ಕನ್ನಡ ಅಂಕಿ ಕಲಿತಳು, ಆಮೇಲೆ ಅಕ್ಷರ. ಕಾರ್ಡು ಹಿಡಿದು ಊರೂರಿಗೆ ಹೋಗಿ ಕೂತು ಕೇಳಿದಳು. ಪಟೇಲರ ಮನೆ ಮಹದೇವಮ್ಮ, ಬಾವಿಕಟ್ಟೆ ಮಹದೇವಮ್ಮ, ಮಗ ಮಿಲಿಟರಿಯಲ್ಲಿರುವ ಮಹದೇವಮ್ಮ. ಕಾರ್ಡಿನ ಮೂಲೆಯಲ್ಲಿ ಮನೆಯ ಗುರುತನ್ನು ತನ್ನ ಗುಂಡನೆಯ ಕನ್ನಡದಲ್ಲಿ ಬರೆದಳು. ಆ ಕಾರ್ಡುಗಳು ಇಂದೂ ಓಡುತ್ತಿವೆ. ಅವಳು ಬಂದ ತಿಂಗಳಲ್ಲಿ ಕೇಳಿದ್ದರೆ ನಾನು ಅವಳನ್ನು ಪ್ರಯೋಜನವಿಲ್ಲದವರ ಪಟ್ಟಿಗೇ ಸೇರಿಸುತ್ತಿದ್ದೆ.

ಕಾನೂನಿಗೆ ಇಂಥವರು ಬೇಡವಾದಂತಿದೆ. ಪ್ರವಾಸಿ ವೀಸಾದಲ್ಲಿ ಬಂದವರು ಸಂಬಳವಿಲ್ಲದೆ ಹೆಚ್ಚೆಂದರೆ ಒಂದು ತಿಂಗಳು ಸ್ವಯಂಸೇವೆ ಮಾಡಬಹುದು. ಅದಕ್ಕಿಂತ ಹೆಚ್ಚು ನಿಲ್ಲಬೇಕೆಂದರೆ ಉದ್ಯೋಗ ವೀಸಾದ ದಾರಿ, ಸಂಸ್ಥೆಯ ಪತ್ರ, ನೋಂದಣಿ, ಅಲೆದಾಟ. ನಮ್ಮ ತಾಲ್ಲೂಕಿನಲ್ಲೇ ಇರುವ ಬೈಲಕುಪ್ಪೆಯ ಟಿಬೆಟನ್ನರ ನೆಲೆಯಲ್ಲಿ ಉಳಿದುಕೊಳ್ಳಲು ಪರದೇಶದವರಿಗೆ ಕೇಂದ್ರ ಗೃಹ ಇಲಾಖೆಯ ಬೇರೆ ಪರವಾನಗಿ ಬೇಕು. ಅಲ್ಲಿಯ ಮರಿ ಭಿಕ್ಕುಗಳಿಗೆ ಇಂಗ್ಲಿಷ್ ಹೇಳಿಕೊಡಬೇಕೆಂದು ಬಂದವಳೊಬ್ಬಳು ಅದಕ್ಕೆ ಕಾಯುತ್ತಾ ಕಾಯುತ್ತಾ ನಮ್ಮ ಮನೆಯಲ್ಲಿ ಹಪ್ಪಳ ಒತ್ತುವುದು ಕಲಿತು ಊರಿಗೆ ಹೋದಳು. ನಿಯಮಗಳಿಗೆ ಕಾರಣಗಳಿರಬಹುದು. ಆದರೆ ಎರಡು ವಾರದವರಿಗೆ ಬಾಗಿಲು ಅಗಲ, ಎರಡು ವರ್ಷದವರಿಗೆ ಕಿಂಡಿ ಎಂದಾದರೆ ಬರುವವರು ಯಾರು ಎಂದು ಬೇರೆ ಹೇಳಬೇಕಿಲ್ಲ.

ಸಂಸ್ಥೆಯವರು ವರ್ಷಕ್ಕೊಮ್ಮೆ ಒಂದು ಪ್ರಶ್ನಾವಳಿ ಕಳಿಸುತ್ತಾರೆ, ಎಂಥ ಸ್ವಯಂಸೇವಕರು ಬೇಕು ಎಂದು. ಈ ಸಲ ಮನಬಿಚ್ಚಿ ಬರೆದೆ. ಆರು ತಿಂಗಳಾದರೂ ಇರಲಿ. ವಯಸ್ಸು ಅರವತ್ತು ದಾಟಿದ್ದರೂ ಸರಿ. ಲೆಕ್ಕ ಬರೆಯಲು, ಇಲ್ಲವೇ ನೀರಿನ ಮೋಟಾರು ಬಿಚ್ಚಿ ಜೋಡಿಸಲು ಬರಬೇಕು. ಫಾರ್ಮ್ ಸಿ ತಾನೇ ತುಂಬಿಕೊಳ್ಳುವವರಾದರೆ ಊಟದ ದುಡ್ಡು ಬೇಡ. ಮೊನ್ನೆ ಉತ್ತರ ಬಂತು. ಸಲಹೆಗಳಿಗೆ ಧನ್ಯವಾದ, ಸದ್ಯಕ್ಕೆ ಅಂಥವರು ಯಾರೂ ಇಲ್ಲ, ಈಜು ಕಲಿಸಬಲ್ಲ ಇಬ್ಬರು ಉತ್ಸಾಹಿ ತರುಣರು ಮಾರ್ಚ್‌ನಲ್ಲಿ ಎರಡು ವಾರ ಬರಲು ಸಿದ್ಧರಿದ್ದಾರೆ, ಊರಿನಲ್ಲಿ ಕೆರೆ ಇದೆಯೇ ಎಂದು ಕೇಳಿದ್ದರು. ಕೆರೆ ಇದೆ, ಮಾರ್ಚ್‌ನಲ್ಲಿ ನೀರು ಇರುವುದಿಲ್ಲ ಎಂದು ಬರೆದು ಕಳಿಸಿದ್ದೇನೆ.