ಖಾಲಿ ಶಿಬಿರಕ್ಕೆ ಭರ್ತಿ ವರದಿ

ಮಕ್ಕಳ ಶಿಬಿರಕ್ಕೆ ತಯಾರಿ ಅಂದರೆ ಟ್ರಂಕು ತುಂಬುವುದು ಎಂದೇ ಬಹಳ ಕಾಲ ನಂಬಿದ್ದೆ. 1999ರಲ್ಲಿ ಬೆಂಗಳೂರಿನಿಂದ ಮುದಗಲ್ಲಿಗೆ ಹೊರಟ ನಮ್ಮ ತಂಡದಲ್ಲಿ ತಯಾರಿಯ ಹೊಣೆ ನನ್ನ ಮೇಲಿತ್ತು. ಯೋನನ ಕಥೆಗೆ ಫ್ಲಾನೆಲ್ ಬೋರ್ಡು, ಬಟ್ಟೆಯಲ್ಲಿ ಹೊಲಿದ ದೊಡ್ಡ ಮೀನು, ಅಭಿನಯ ಗೀತೆಗಳ ಕ್ಯಾಸೆಟ್ಟು, ಕ್ರೆಯಾನು, ಬಹುಮಾನಕ್ಕೆ ಪೆನ್ಸಿಲ್ಲು. ಯಾವ ಪಾಠಕ್ಕೆ ಎಷ್ಟು ನಿಮಿಷ ಅನ್ನುವ ಪಟ್ಟಿಯೂ ಟೈಪಾಗಿತ್ತು. ಈಸ್ಟರ್ ಏಪ್ರಿಲ್ 4ಕ್ಕೇ ಮುಗಿಯುತ್ತದೆ, ಅಷ್ಟರಲ್ಲಿ ಶಾಲೆಗೂ ರಜೆ ಬಿದ್ದಿರುತ್ತದೆ ಎಂದು ಏಪ್ರಿಲ್ ಕೊನೆಯ ವಾರವನ್ನು ಗೊತ್ತು ಮಾಡಿದವನೂ ನಾನೇ. ಆ ವಾರದ ಒಂದು ದಿನ ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪಕ್ಷರದಲ್ಲಿತ್ತು: ಮೊಹರಂ. ಸರ್ಕಾರಿ ರಜೆ, ನಮಗೆ ಒಳ್ಳೆಯದೇ ಆಯಿತು ಅಂದುಕೊಂಡೆ.

ಮುದಗಲ್ಲಿನಲ್ಲಿ ಮೊಹರಂ ಅಂದರೇನು ಅಂತ ಲಿಂಗಸುಗೂರಿನ ಯಾವ ಬಸ್ ಕಂಡಕ್ಟರನ್ನು ಕೇಳಿದ್ದರೂ ಹೇಳುತ್ತಿದ್ದ. ಹುಸೇನಿ ಆಲಂ ದರ್ಗಾದ ಅಲಾಯಿ ದೇವರಿಗೆ ಹರಕೆ ಹೊತ್ತವರು ಆಂಧ್ರ, ಮಹಾರಾಷ್ಟ್ರದಿಂದಲೂ ಬರುತ್ತಾರೆ. ಸುತ್ತಲಿನ ಹಿಂದೂ ಮನೆಗಳಲ್ಲಿ ಹುಸೇನಪ್ಪ, ಹುಸೇನಮ್ಮ ಎಂಬ ಹೆಸರುಗಳು ಸುಮ್ಮನೆ ಬಂದವಲ್ಲ. ನಾವು ಬಸ್ ಇಳಿದಾಗ ಕೋಟೆಯ ಕಡೆಯ ಬೀದಿಗಳಲ್ಲಿ ಕಾಲಿಡಲು ಜಾಗವಿರಲಿಲ್ಲ. ಹಲಗೆಯ ಸದ್ದು, ಊದಿನ ಹೊಗೆ, ಕೊರಳಲ್ಲಿ ಕೆಂಪು ಲಾಡಿ ಹಾಕಿಕೊಂಡ ಹುಡುಗರು, ಮೈತುಂಬ ಹಳದಿ ಬಳಿದುಕೊಂಡ ಹುಲಿವೇಷಗಳು. ಮುದಗಲ್ಲಿನ ಮಕ್ಕಳೆಲ್ಲ ಅಲ್ಲೇ ಇದ್ದರು.

ನಮ್ಮನ್ನು ಕರೆಸಿಕೊಂಡಿದ್ದ ಚಿಕ್ಕ ಪ್ರಾರ್ಥನಾ ಮಂದಿರದ ಅಂಗಳದಲ್ಲಿ ತಗಡಿನ ಶೆಡ್ಡು. ಮೊದಲ ದಿನ ಬೆಳಿಗ್ಗೆ ಹತ್ತಕ್ಕೆ ಕೈಬೆರಳಲ್ಲಿ ಎಣಿಸುವಷ್ಟು ಮಕ್ಕಳು ಬಂದರು, ಅದೂ ಆ ಮಂದಿರದವರದೇ ಮಕ್ಕಳು. ಹನ್ನೊಂದಕ್ಕೆ ಅವರೂ ಎದ್ದರು. ತಡೆಯಹೋದ ನನಗೆ ಒಬ್ಬ ಅಜ್ಜಿ, “ಅಲಾಯಿ ನೋಡಾಕ ಹೊಂಟಾವ್ರೀ. ಹಬ್ಬ ಬಿಟ್ಟು ನಿಮ್ ಕಡಿ ಯಾರ್ ಕುಂದರ್ತಾರ?” ಅಂದಳು. ಮಧ್ಯಾಹ್ನ ಟ್ರಂಕು ತೆಗೆದು ನೋಡಿದರೆ ಕ್ರೆಯಾನುಗಳು ಶೆಡ್ಡಿನ ಕಾವಿಗೆ ಮೆತ್ತಗಾಗಿ ಒಂದಕ್ಕೊಂದು ಅಂಟಿ, ಕಾಗದದ ಸುತ್ತು ಮಾತ್ರ ಬೇರೆ ಬೇರೆಯಾಗಿದ್ದವು. ಏಪ್ರಿಲ್ ಕೊನೆಯಲ್ಲಿ ರಾಯಚೂರು ಸೀಮೆಯ ಬಿಸಿಲು ನಲವತ್ತರ ಮೇಲೆ ಆಡುತ್ತದೆ. ನಮ್ಮ ಪಟ್ಟಿಯಲ್ಲಿ ಪಾಠಗಳಿದ್ದದ್ದು ಹತ್ತರಿಂದ ಎರಡರವರೆಗೆ. ಯೋನನದು ಹೋಗಬೇಕಾದ ಊರಿಗೆ ಹೋಗದವನ ಕಥೆ. ನಾವೋ ಹೋದೆವು, ಹೋಗಬಾರದ ವಾರದಲ್ಲಿ.

ಇಷ್ಟೇ ಆಗಿದ್ದರೆ ತಮಾಷೆಯಾಗಿ ಹೇಳಿ ಮುಗಿಸಬಹುದಿತ್ತು. ಬೆಂಗಳೂರಿಗೆ ಬಂದ ಮೇಲೆ ದಾನಿಗಳಿಗೆ ವರದಿ ಬರೆದವನು ನಾನು. ಕೊನೆಯ ದಿನ ಮಂಡಕ್ಕಿ, ಬಾಳೆಹಣ್ಣು ಹಂಚುವಾಗ ಬೀದಿಯಿಂದ ನುಗ್ಗಿದ ಮಕ್ಕಳನ್ನೆಲ್ಲ ಹಾಜರಿಗೆ ಸೇರಿಸಿದೆ. ಅವರಲ್ಲಿ ಅರ್ಧಕ್ಕರ್ಧ ಮಕ್ಕಳ ಕೊರಳಲ್ಲಿ ಇನ್ನೂ ಲಾಡಿ ಇತ್ತು. ಫೋಟೋದಲ್ಲಿ ಅದು ಕಾಣದ ಹಾಗೆ ಆರಿಸಿ ಆರಿಸಿ ಅಂಟಿಸಿದೆ. “ಸುವಾರ್ತೆ ತಲುಪದ ಊರು” ಎಂದೂ ಬರೆದೆ. ಆ ಮಾತು ನೆನೆದರೆ ಇವತ್ತಿಗೂ ಕಿವಿ ಬಿಸಿಯಾಗುತ್ತದೆ. ಮುದಗಲ್ಲಿನ ಕಥೋಲಿಕ ಚರ್ಚನ್ನು ಯೇಸುಸಭೆಯ ಪಾದ್ರಿಗಳು 1557ಕ್ಕೂ ಮುಂಚೆ ಕಟ್ಟಿದರೆಂದು ಹೇಳುತ್ತಾರೆ. ಅಂದರೆ ವಿಜಾಪುರದ ಆದಿಲಶಾಹಿಗಳೂ ವಿಜಯನಗರದವರೂ ಈ ಕೋಟೆಗಾಗಿ ಬಡಿದಾಡುತ್ತಿದ್ದ ಕಾಲ. ನನ್ನ ಮನೆತನಕ್ಕೆ ಬೈಬಲ್ ಬಂದದ್ದು ಅಜ್ಜನ ಕಾಲದಲ್ಲಿ. ಅಲ್ಲಿನ ಗುರುಗಳನ್ನಾಗಲಿ ಉಪದೇಶಿಯನ್ನಾಗಲಿ ನಾವು ಕಂಡು ನಮಸ್ಕಾರ ಕೂಡ ಹೇಳಿರಲಿಲ್ಲ. ಬೇರೆ ಸಭೆಯವರು, ನಮಗೇಕೆ ಎಂಬ ಬಿಂಕ.

ವರದಿ ಮೆಚ್ಚಿದವರು ಮರುವರ್ಷಕ್ಕೂ ಹಣ ಕೊಟ್ಟರು. ಸುಳ್ಳು ಚುಚ್ಚತೊಡಗಿದ್ದು ಆಗ. ಈ ಸಲ ಟ್ರಂಕಿಲ್ಲದೆ ಒಬ್ಬನೇ ಮೊದಲು ಹೋಗಿ, ಮಂದಿರದ ಮೇಸ್ಟ್ರ ಜೊತೆ ಕೂತೆ. ಹಿಜರಿ ವರ್ಷ ನಮ್ಮದಕ್ಕಿಂತ ಹನ್ನೊಂದು ದಿನದಷ್ಟು ಚಿಕ್ಕದಾದ್ದರಿಂದ ಆ ಸಲದ ಮೊಹರಂ ಏಪ್ರಿಲ್ ನಡುವಿಗೇ ಮುಗಿಯುತ್ತಿತ್ತು. ಹಾಗಾದರೆ ಮೇ ತಿಂಗಳು ಅಂದೆ. ಅವರು ನಕ್ಕರು. ಮೇನಲ್ಲಿ ಅರ್ಧ ಓಣಿ ಬೀಗ ಹಾಕಿಕೊಂಡು ಗುಳೆ ಹೋಗಿರುತ್ತದೆ. ಎಲ್ಲಿಗೆ? ಬೆಂಗಳೂರಿಗೆ, ಕಟ್ಟಡದ ಕೆಲಸಕ್ಕೆ, ಮಕ್ಕಳನ್ನೂ ಕರೆದುಕೊಂಡು. ನಾನು ದಿನಾ ದಾಟುತ್ತಿದ್ದ ತಗಡಿನ ಗುಡಿಸಲುಗಳಲ್ಲೇ ಅವರು ಇದ್ದಿರಬಹುದು. ದಸರಾ ರಜೆ? ಆಗ ಹತ್ತಿ ಬಿಡಿಸುವ ಹೊತ್ತು, ತಾಯಂದಿರ ಹಿಂದೆ ಮಕ್ಕಳೂ ಹೊಲಕ್ಕೆ.

ಮೇಸ್ಟ್ರನ್ನು ಕೇಳಿಯೇ ವಾರ ಗೊತ್ತು ಮಾಡುವ ರೂಢಿ ಆಗ ಶುರುವಾಯಿತು. ಪಾಠ ಬೆಳಿಗ್ಗೆ ಏಳಕ್ಕೆ ಶುರು, ಬಿಸಿಲೇರುವ ಮುಂಚೆ ಮುಕ್ತಾಯ. ಕಥೆ ಹೇಳುವುದು ಅಲ್ಲಿನ ಹುಡುಗಿಯರು, ಅವರದೇ ಮಾತಿನಲ್ಲಿ. ನಮ್ಮವರು ನೀರು ಹಂಚಿ ಚಾಪೆ ಹಾಸುತ್ತಾರೆ. ಬೇರೆ ಧರ್ಮದ ಮನೆಯ ಮಗು ಬಂದರೆ ಏನು ಕಲಿಸುತ್ತೇವೆಂದು ತಂದೆತಾಯಿಗೆ ಬಿಡಿಸಿ ಹೇಳಿ, ಒಪ್ಪಿಗೆ ಬರೆಸಿಕೊಂಡೇ ಕೂರಿಸುತ್ತೇವೆ. 2022ರ ಮತಾಂತರ ತಡೆ ಕಾಯ್ದೆಗಿಂತ ಎಷ್ಟೋ ಮುಂಚಿನ ರೂಢಿ ಇದು. ಮೊದಲ ವರ್ಷ ಒಬ್ಬ ತಂದೆ ಬಾಗಿಲಲ್ಲಿ ನಿಂತು, “ನನ್ನ ಕೂಸಿಗೆ ಏನ್ ಕಲಿಸಾಕ ಹತ್ತೀರಿ?” ಎಂದು ಕೇಳಿದಾಗ ನಾವು ಪೆನ್ಸಿಲ್ಲು ಕೊಟ್ಟು ಮಾತು ಮರೆಸಿದ್ದೆವು.

ತಂಡದ ಹಳಬರೊಬ್ಬರು ಹೀಗೆ ವಾರ ಬದಲಿಸುವುದನ್ನು ಈಗಲೂ ಒಪ್ಪುವುದಿಲ್ಲ. ಅಲಾಯಿ ಹಬ್ಬಕ್ಕೆ ಹೆದರಿ ದೇವರ ಕೆಲಸ ಮುಂದೂಡುವುದೇ ಅನ್ನುತ್ತಾರೆ. ಹೆದರಿಕೆ ಅಲ್ಲ, ಊರಿನ ಮರ್ಯಾದೆ ಅನ್ನುತ್ತೇನೆ ನಾನು. ಸಭೆ ಸೇರಿದಾಗಲೆಲ್ಲ ಈ ಜಗಳ ಇದ್ದದ್ದೇ. ವರದಿ ಬರೆಯುವ ಕೆಲಸ ಈಗ ಮಂದಿರದ ಮೇಸ್ಟ್ರದ್ದು. ಮಕ್ಕಳು ಕಡಿಮೆ ಬಂದ ವರ್ಷ ಕಡಿಮೆ ಎಂದೇ ಬರೆಯುತ್ತಾರೆ. ದಾನಿಗಳಲ್ಲಿ ಕೆಲವರು ಕೊಡುವುದನ್ನು ನಿಲ್ಲಿಸಿದ್ದಾರೆ.