ಬಾದಾಮಿಗೆ ಹೊರಡುವವರ ಕೈಗೊಂದು ಪುಸ್ತಕ

ಮುಂಬಯಿಯಿಂದ ಸೊಲ್ಲಾಪುರ, ವಿಜಯಪುರ, ಬಾಗಲಕೋಟೆಗಳ ಮೇಲೆ ಗದಗಿಗೆ ಹೋಗುವ ರೈಲುದಾರಿ ನಮ್ಮಲ್ಲಿ ಅನೇಕರಿಗೆ ತವರಿನ ದಾರಿ. ರಜೆಯಲ್ಲಿ ಊರಿಗೆ ಹೊರಟವರು ಮಕ್ಕಳಿಗೆ ತೋರಿಸಲೆಂದು ನಡುವೆ ಬಾದಾಮಿಯಲ್ಲಿ ಒಂದು ದಿನ ಇಳಿಯುವುದೂ ಉಂಟು. ಮರಳಿ ಬಂದಮೇಲೆ ನೂರಾರು ಚಿತ್ರಗಳನ್ನು ತೋರಿಸುತ್ತಾರೆ. ಚಿಕ್ಕಮ್ಮ ಇದ್ದಾರೆ, ಅಳಿಯಂದಿರು ಇದ್ದಾರೆ, ತಿಂಡಿಯ ಡಬ್ಬಿಯೂ ಇದೆ. ಬಾದಾಮಿ ಮಾತ್ರ ಇಲ್ಲ! ಪರಸ್ಥಳದಲ್ಲೇ ಹುಟ್ಟಿ ಬೆಳೆದ ಮಕ್ಕಳಿಗೆ ನಾಡಿನ ಗುರುತು ಬಹುಮಟ್ಟಿಗೆ ಈ ಚಿತ್ರಗಳಿಂದಲೇ ಆಗಬೇಕಾಗಿರುವಾಗ ಇದು ಸಣ್ಣ ನಷ್ಟವಲ್ಲ.

ಆದುದರಿಂದ ಓದುಗರಿಗೆ ಒಂದು ಪುಸ್ತಕವನ್ನು ಸೂಚಿಸಬಯಸುತ್ತೇವೆ. ಅಮೆರಿಕದ ಆನ್ಸೆಲ್ ಆಡಮ್ಸ್ (1902–1984) ಬರೆದ 'ಎಕ್ಸಾಂಪಲ್ಸ್: ದಿ ಮೇಕಿಂಗ್ ಆಫ್ 40 ಫೋಟೋಗ್ರಾಫ್ಸ್', 1983ರಲ್ಲಿ ಹೊರಬಂದದ್ದು. ತಾನು ತೆಗೆದ 40 ಚಿತ್ರಗಳನ್ನು ಮುಂದಿಟ್ಟುಕೊಂಡು ಒಂದೊಂದನ್ನೂ ಹೇಗೆ ತೆಗೆದೆನೆಂದು ಆತ ಹೇಳುತ್ತಾನೆ. ನಡುನಡುವೆ ಮಸೂರ, ಫಿಲಂ, ರಸಾಯನಗಳ ಲೆಕ್ಕ ಬರುತ್ತದೆ. ಹೊಸಬರು ಅದನ್ನು ದಾಟಿ ಮುಂದೆ ಓದಲಿ, ಬಾಧಕವಿಲ್ಲ.

1944ರಲ್ಲಿ ಲೋನ್ ಪೈನ್ ಎಂಬ ಊರಿನ ಬಳಿ ಸಿಯೆರಾ ನೆವಾಡಾ ಪರ್ವತದ ಸೂರ್ಯೋದಯವನ್ನು ಹಿಡಿದ ಪ್ರಸಂಗವನ್ನೇ ನೋಡಿ. ನಾಲ್ಕು ಮುಂಜಾವು ಕೊರೆಯುವ ಚಳಿಯಲ್ಲಿ ಕಾದದ್ದು ವ್ಯರ್ಥವಾಯಿತು. ಐದನೆಯ ದಿನ ಬೆಳಕು ಬಂತು. ಆದರೆ ಹುಲ್ಲುಗಾವಲಿನಲ್ಲಿ ಮೇಯುತ್ತಿದ್ದ ಕುದುರೆ ಇತ್ತ ಬೆನ್ನು ತಿರುಗಿಸಿ ಮೋಟುಮರದಂತೆ ನಿಂತುಬಿಟ್ಟಿತು. ಕೊನೆಗಳಿಗೆಯಲ್ಲಿ ಅದು ಪಕ್ಕಕ್ಕೆ ತಿರುಗಿತು, ಚಿತ್ರ ಸಿಕ್ಕಿತು. ಇನ್ನೊಂದು 1927ರದು: ಯೊಸೆಮಿಟಿಯ ಹಾಫ್ ಡೋಮ್ ಬಂಡೆ. ಹಳದಿ ಫಿಲ್ಟರು ಹಾಕಿ ತೆಗೆದಮೇಲೆ, ಮನಸ್ಸಿನಲ್ಲಿ ಕಂಡ ಆಕಾಶ ಇದರಲ್ಲಿ ಮೂಡಲಾರದೆಂದು ಆತನಿಗೆ ತೋರಿತು. ಉಳಿದಿದ್ದ ಒಂದೇ ಗಾಜಿನ ಪ್ಲೇಟಿಗೆ ಕಡುಗೆಂಪು ಫಿಲ್ಟರು ಹಾಕಿದ, ಆಕಾಶ ಕಪ್ಪಾಯಿತು. ಕೆಂಪು ಗಾಜು ನೀಲಿಯನ್ನು ತಡೆದು ಕೆಂಪನ್ನು ಬಿಡುತ್ತದೆಯಷ್ಟೆ. ಬಾದಾಮಿಯ ಕಲ್ಲೇ ಕೆಂಪಾದುದರಿಂದ ಅಲ್ಲಿ ಇದರ ಪರಿಣಾಮ ಇಮ್ಮಡಿ: ಆಕಾಶ ಕಪ್ಪಾಗುತ್ತದೆ, ಬಂಡೆ ಬೆಳಗುತ್ತದೆ. ಆದರೆ ಪುಸ್ತಕದ ಚಿತ್ರಗಳು ಕಪ್ಪು ಬಿಳುಪಿನವು. ಬಣ್ಣದ ವಿಷಯದಲ್ಲಿ ಅದರಿಂದ ಹೆಚ್ಚಿನ ನೆರವು ಬಯಸಬಾರದು.

ಕಾಯುವ ಪಾಠವಂತೂ ಬಾದಾಮಿಯಲ್ಲಿ ಕೂಡಲೇ ಫಲ ಕೊಡುತ್ತದೆ. ಅಗಸ್ತ್ಯತೀರ್ಥದ ಮೂಡಣ ದಂಡೆಯ ಭೂತನಾಥ ಗುಡಿ ಪಡುವಣಕ್ಕೆ ಮುಖಮಾಡಿದೆ. ಬೆಳಗ್ಗೆ ಹೋದವರಿಗೆ ಅದರ ಮೋರೆ ನೆರಳಿನಲ್ಲಿರುತ್ತದೆ. ಸಂಜೆ, ಹೊತ್ತು ಮುಳುಗುವ ಮುಂಚಿನ ಅರ್ಧ ಗಂಟೆ ಅಲ್ಲಿರಬೇಕು: ಗುಡಿ, ಹಿಂದಿನ ಬಂಡೆ ಎರಡೂ ಕೆಂಡದ ಬಣ್ಣಕ್ಕೆ ತಿರುಗುತ್ತವೆ, ಗಾಳಿ ನಿಂತಿದ್ದರೆ ನೀರಿನಲ್ಲಿ ಇನ್ನೊಂದು ಗುಡಿ. 578ರ ಶಾಸನವಿರುವ ಮೂರನೆಯ ಗುಹೆಯನ್ನೂ ಉಳಿದವನ್ನೂ ಹಗಲೇ ನೋಡಿ ಮುಗಿಸಿಬಿಡಿ. ಅಲ್ಲಿ ಮಂಗಗಳ ಕಾಟ, ಡಬ್ಬಿ ಜೋಕೆ. ದೊಡ್ಡ ಕ್ಯಾಮರಾ ಬೇಕೆಂದಿಲ್ಲ, ಜೇಬಿನ ಫೋನು ಸಾಕು.

ಅಜ್ಜಿಯನ್ನು ಬಿಟ್ಟು ಚಿತ್ರ ತೆಗೆಯಿರೆಂದು ನಾವು ಹೇಳುತ್ತಿಲ್ಲ. ಅವರನ್ನು ಗುಡಿಯ ಮುಂದೆ ಕೂರಿಸಿ, ನೀವು ದಂಡೆಗುಂಟ ದೂರ ನಡೆದು ಬಂದು ತೆಗೆಯಿರಿ. ಅಜ್ಜಿ ಬೆರಳಷ್ಟೇ ಕಾಣುವರು. ಬಂಡೆ ಎಷ್ಟು ಎತ್ತರವೆಂಬುದು ಮಕ್ಕಳಿಗೆ ಆಗ ತಿಳಿಯುತ್ತದೆ.