ಅಲ್ಲಿಗೆ, ಇಲ್ಲಿಗೆ

ನಮ್ಮ ಮನೆಗೆ ಬಂದವರು ಮೊದಲು ಕೇಳುವುದು ಷೋಕೇಸಿನಲ್ಲಿರುವ ಡಿನ್ನರ್ ಸೆಟ್ಟಿನ ಬಗ್ಗೆ. "ಫಾರಿನ್ನಿಂದ ತಂದದ್ದಾ?" ಹೌದು, ಮಸ್ಕತ್ತಿನಿಂದ. ಬಿಳಿ ಪಿಂಗಾಣಿ, ಅಂಚಿಗೆ ತೆಳ್ಳನೆಯ ಚಿನ್ನದ ಗೆರೆ, ತಟ್ಟೆ ಬಟ್ಟಲು ಎಲ್ಲ ಸೇರಿ 36. ಇಂದಿನವರೆಗೆ ಅದರಲ್ಲಿ ಒಬ್ಬರೂ ಉಂಡಿಲ್ಲ ಎಂದರೆ ನೀವು ನಂಬಲಿಕ್ಕಿಲ್ಲ. "ಒಡೆದು ಹೋಗುತ್ತೆ ಅಂತ ಹೆದರಿಕೆಯಾ ಟೀಚರ್?" ಎಂದು ಕೇಳುತ್ತಾರೆ. ನಾನು ನಕ್ಕು ಕಾಫಿ ತರಲು ಒಳಗೆ ಹೋಗುತ್ತೇನೆ.

1998ರಿಂದ 2004ರವರೆಗೆ ಆರು ವರ್ಷ ನಾವು ಮಸ್ಕತ್ತಿನ ರೂವಿಯಲ್ಲಿದ್ದೆವು. ಇವರಿಗೆ ಅಲ್ಲಿ ಕಟ್ಟಡ ಕಟ್ಟುವ ಕಂಪನಿಯೊಂದರಲ್ಲಿ ಲೆಕ್ಕಪತ್ರದ ಕೆಲಸ. ಹೊರಟಾಗ ಮಗಳಿಗೆ ಆರು ವರ್ಷ, ಮಗನಿಗೆ ಎರಡು. "ಎರಡೇ ವರ್ಷ, ಒಂದು ಸೈಟು, ನಾಲ್ಕು ಗೋಡೆ ಆದರೆ ಸಾಕು, ವಾಪಸ್ಸು" ಎಂದು ಊರಿಗೆಲ್ಲ ಹೇಳಿ, ಶಿವಮೊಗ್ಗದ ಶಾಲೆಯ ಕೆಲಸಕ್ಕೆ ರಾಜೀನಾಮೆ ಕೊಟ್ಟು ವಿಮಾನ ಹತ್ತಿದವಳು ನಾನು. ಗಲ್ಫಿಗೆ ಹೋದವರೆಲ್ಲ ಹೇಳುವ ಮಾತೇ ಅದು ಎಂದು ಆಮೇಲೆ ತಿಳಿಯಿತು. ಎರಡು ವರ್ಷಕ್ಕೆಂದು ಬಂದು ಹನ್ನೆರಡು ವರ್ಷವಾದವರು ನಮ್ಮ ಕಟ್ಟಡದಲ್ಲೇ ಇದ್ದರು.

ಅಲ್ಲಿ ಆಗ ವಾರದ ರಜೆ ಗುರುವಾರ, ಶುಕ್ರವಾರ. (2013ರಲ್ಲಿ ಅದನ್ನು ಶುಕ್ರವಾರ, ಶನಿವಾರಕ್ಕೆ ಬದಲಾಯಿಸಿದರು.) ಇವರ ಕಂಪನಿಗೆ ಗುರುವಾರ ಅರ್ಧ ದಿನವಾದ್ದರಿಂದ ಸಾಯಂಕಾಲ ನಮ್ಮ ಸವಾರಿ ಮತ್ರಾಕ್ಕೆ. ಮಧ್ಯಾಹ್ನ ಬಾಗಿಲು ಹಾಕಿದ ಅಂಗಡಿಗಳು ಮತ್ತೆ ತೆರೆಯುವುದು ನಾಲ್ಕು ಗಂಟೆಗೆ. ಸಮುದ್ರದ ದಂಡೆಯ ರಸ್ತೆಯಿಂದ ಒಳಗೆ ಹೊಕ್ಕರೆ ಮೇಲೆ ಮಾಡು ಹಾಕಿದ ಓಣಿಗಳು, ಓಣಿಯೊಳಗೆ ಇನ್ನೊಂದು ಓಣಿ. ಎಲ್ಲಿ ನೋಡಿದರೂ ಲುಬಾನ್ ಎಂಬ ಸಾಂಬ್ರಾಣಿಯ ಹೊಗೆ. ಅದು ಒಮಾನಿನ ದಕ್ಷಿಣದ ಧೋಫಾರ್ ಸೀಮೆಯ ಮರದ ಅಂಟು. ನನಗೆ ಮಾತ್ರ ಆ ವಾಸನೆ ಬಂದ ಕೂಡಲೇ ಅಮ್ಮ ಬಾಣಂತಿಯರ ತಲೆಗೂದಲಿಗೆ ಹೊಗೆ ಹಾಕುತ್ತಿದ್ದ ಸಾಗರದ ನಮ್ಮ ಹಿಂದಿನ ಕೋಣೆ ನೆನಪಾಗುತ್ತಿತ್ತು. ಅಂಗಡಿಯವರಲ್ಲಿ ಬಹಳ ಜನ ನಮ್ಮ ದೇಶದವರೇ. ಹಿಂದಿಯಲ್ಲಿ ಚೌಕಾಸಿ ಮಾಡಬಹುದಿತ್ತು.

ಕೊಳ್ಳುವುದಕ್ಕಿಂತ ಗುಣಿಸುವುದೇ ನಮ್ಮ ಕೆಲಸವಾಗಿತ್ತು. ಒಂದು ರಿಯಾಲಿಗೆ ಸಾವಿರ ಬೈಸಾ. ಆ ಒಂದು ರಿಯಾಲಿಗೆ ಆಗ ನಮ್ಮ ನೂರಹತ್ತು ರೂಪಾಯಿಗೂ ಮಿಕ್ಕಿ. ಕರಿಬೇವಿನ ಕಟ್ಟು ಹಿಡಿದುಕೊಂಡು ನಿಂತಲ್ಲೇ ಲೆಕ್ಕ ಹಾಕಿ, "ಅಯ್ಯೋ, ಈ ದುಡ್ಡಿಗೆ ನಮ್ಮೂರಲ್ಲಿ ಗಿಡವೇ ಬರುತ್ತದಲ್ಲ" ಎಂದು ಇಟ್ಟುಬಿಡುತ್ತಿದ್ದೆ. ಮಗಳಿಗೆ 11ರ ಮಗ್ಗಿ ಬಂದದ್ದು ಶಾಲೆಯಲ್ಲಲ್ಲ, ಮತ್ರಾದ ಓಣಿಯಲ್ಲಿ.

ಹೀಗೆ ಗುಣಿಸಿ ಕೊಂಡ ಸಾಮಾನಿನಲ್ಲೂ ಎರಡು ಜಾತಿ. 'ಅಲ್ಲಿಗೆ' ಮತ್ತು 'ಇಲ್ಲಿಗೆ'. ಗಟ್ಟಿಮುಟ್ಟಾದದ್ದು, ಚೆಂದದ್ದು, ನಾಲ್ಕು ಜನ ನೋಡುವಂಥದ್ದು ಅಲ್ಲಿಗೆ, ಎಂದರೆ ಇನ್ನೂ ಪಾಯ ತೆಗೆಯದಿದ್ದ ಶಿವಮೊಗ್ಗದ ಮನೆಗೆ. ಪ್ಲಾಸ್ಟಿಕ್ ತಟ್ಟೆ, ಹಿಡಿ ಮುರಿದ ಕಪ್ಪು, ಊರಿಗೆ ಹೋಗುವವರು ಬಿಟ್ಟುಹೋದ ಸೋಫಾ ಇಲ್ಲಿಗೆ. ಅಲ್ಲಿಗೆ ಕೊಂಡದ್ದೆಲ್ಲ ರಟ್ಟಿನ ಪೆಟ್ಟಿಗೆ ಸೇರಿ ಮಂಚದ ಕೆಳಗೆ ಹೋಗುತ್ತಿತ್ತು. ಪೆಟ್ಟಿಗೆಯ ಮೇಲೆ ದಪ್ಪ ಪೆನ್ನಿನಲ್ಲಿ 'ಅಲ್ಲಿಗೆ' ಎಂದು ಬರೆಯುವುದು ನಾನೇ. ಅಕ್ಷರ ದುಂಡಗಿರಬೇಕಲ್ಲ, ಟೀಚರಲ್ಲವೇ!

ಪಕ್ಕದ ಮನೆಯ ಕೇರಳದ ಚೇಚಿ ಒಮ್ಮೆ ಬಂದಾಗ ಮರ್ಯಾದೆಗೆಂದು ಹೊಸ ಕಪ್ಪೊಂದನ್ನು ಪೆಟ್ಟಿಗೆಯಿಂದ ತೆಗೆದು ಚಹಾ ಕೊಟ್ಟೆ. ಮಗ ಬಾಗಿಲಲ್ಲಿ ನಿಂತು, "ಆಂಟಿ, ಅದು ಅಲ್ಲಿಗೆ" ಎಂದುಬಿಟ್ಟ. ಭಾಷೆ ಅರ್ಥವಾಗದೆ ಆಕೆ ನನ್ನ ಮುಖ ನೋಡಿದಳು. ವಿವರಿಸಿದಾಗ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಕೆಯ ಮನೆಯ ಕಿಟಕಿಗಳಿಗೆ ಹೂವಿನ ಪರದೆ, ಗೋಡೆಗೆ ಗುರುವಾಯೂರಪ್ಪ, ಬಾಲ್ಕನಿ ತುಂಬ ಕುಂಡಗಳು. ನಮ್ಮ ಕಿಟಕಿಗೆ ಹಳೆಯ ಬೆಡ್‌ಶೀಟು. "ಮೋಳೇ, ನಾಳೆ ವೀಸಾ ಮುಗಿದರೂ ಇವತ್ತು ಪರದೆ ಬೇಡವಾ?" ಎಂದು ಕೇಳಿದಳು. ಇವರು ಕಂಪನಿಯ ಸಾಮಾನು ಬಂದ ಮರದ ಹಲಗೆಗಳಲ್ಲಿ ಒಂದು ಷೆಲ್ಫು ಮಾಡುತ್ತೇನೆಂದು ಆಗಲೇ ಎರಡು ವರ್ಷದಿಂದ ಹೇಳುತ್ತಿದ್ದರು. "ಯಾರದ್ದೋ ಗೋಡೆಗೆ ನಾವ್ಯಾಕೆ ಮೊಳೆ ಹೊಡೀಬೇಕ್ರೀ?" ಎಂದು ತಡೆದಿದ್ದವಳು ನಾನೇ.

1999ರ ಡಿಸೆಂಬರಿನಲ್ಲಿ ನಿಜ್ವಾಕ್ಕೆ ಹೋದದ್ದು ಚೆನ್ನಾಗಿ ನೆನಪಿದೆ. ಮಸ್ಕತ್ತಿನಿಂದ ನೂರೈವತ್ತು ಕಿಲೋಮೀಟರಿಗೂ ಮಿಕ್ಕಿ. ದಾರಿಯುದ್ದಕ್ಕೂ ಹುಲ್ಲುಕಡ್ಡಿ ಇಲ್ಲದ ಕಂದು ಗುಡ್ಡಗಳು, ಮಲೆನಾಡಿನ ಕಣ್ಣಿಗೆ ಸಿಪ್ಪೆ ಸುಲಿದಂತೆ ಕಾಣುತ್ತವೆ. ನಿಜ್ವಾದ ಕೋಟೆಯ ದುಂಡು ಬುರುಜು ಹದಿನೇಳನೇ ಶತಮಾನದ್ದು. ಒಳಗೆ ಖರ್ಜೂರದ ಮೂಟೆ ಪೇರಿಸುವ ಕೋಣೆ. ಅದರ ನೆಲದಲ್ಲಿ ಸಣ್ಣ ಸಣ್ಣ ಕಾಲುವೆ ತೆಗೆದಿದ್ದಾರೆ. ಮೇಲಿನ ಮೂಟೆಗಳ ಭಾರಕ್ಕೆ ಕೆಳಗಿನ ಖರ್ಜೂರದಿಂದ ಪಾಕ ಒಸರಿ ಅದರಲ್ಲಿ ಹರಿದು ಬರುತ್ತದೆ. ತಿನ್ನಲಿಕ್ಕೂ ಅದೇ, ಶತ್ರು ಬಂದರೆ ಕುದಿಸಿ ಮೇಲಿಂದ ಸುರಿಯಲಿಕ್ಕೂ ಅದೇ. ಬೆಲ್ಲದ ಪಾಕ ಕೈಮೇಲೆ ಬಿದ್ದ ಅನುಭವವಿರುವ ಹೆಂಗಸರಿಗೆ ಆ ಯುದ್ಧತಂತ್ರವನ್ನು ಯಾರೂ ವಿವರಿಸಬೇಕಾಗಿಲ್ಲ.

ಮಧ್ಯಾಹ್ನ ದಾರಿಸ್ ಫಲಜಿನ ಪಕ್ಕದಲ್ಲಿ ಬುತ್ತಿ ಬಿಚ್ಚಿದೆವು. ಫಲಜ್ ಎಂದರೆ ನೆಲದಡಿಯ ನೀರನ್ನು ದೂರದಿಂದ ಇಳಿಜಾರಿನಲ್ಲೇ ಹರಿಸಿ ತರುವ ಕಾಲುವೆ. ಪಂಪಿಲ್ಲ, ಏತವಿಲ್ಲ. ಇಂಥವು ಒಮಾನಿನಲ್ಲಿ ಮೂರು ಸಾವಿರದಷ್ಟಿವೆ. ಇಂತಿಷ್ಟು ಹೊತ್ತು ಇಂಥವರ ತೋಟಕ್ಕೆ ಎಂದು ಹಗಲು ನೆರಳಿನಿಂದ, ರಾತ್ರಿ ನಕ್ಷತ್ರದಿಂದ ಸಮಯ ಅಳೆದು ನೀರು ಹಂಚಿಕೊಳ್ಳುತ್ತಿದ್ದರಂತೆ. 2006ರಲ್ಲಿ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದ ಐದು ಫಲಜುಗಳಲ್ಲಿ ದಾರಿಸ್ ಕೂಡ ಒಂದು. ನಾವು ಹೋದಾಗ ಅದು ಮಕ್ಕಳು ಕಾಲು ಇಳಿಬಿಟ್ಟು ಕೂರುವ ತಣ್ಣನೆಯ ನೀರು, ಅಷ್ಟೆ.

ನಾವು ಹಳೆಯ ಪತ್ರಿಕೆ ಹಾಸಿ, ಕಾಗದದ ತಟ್ಟೆಯಲ್ಲಿ ಪುಳಿಯೋಗರೆ ಬಡಿಸಿಕೊಂಡೆವು. ಅಷ್ಟರಲ್ಲಿ ಒಂದು ಒಮಾನಿ ಸಂಸಾರ ಬಂತು. ಅಜ್ಜಿ, ಸೊಸೆಯಂದಿರು, ಮಕ್ಕಳು. ಅವರು ಆ ಧೂಳು ನೆಲದ ಮೇಲೆ ಬಿಚ್ಚಿ ಹಾಸಿದ ಕೆಂಪು ಜಮಖಾನೆ ನೋಡಿ ನನ್ನ ಎದೆ ಧಸಕ್ಕೆಂದಿತು. ನನ್ನದಾಗಿದ್ದರೆ ಅದು ಖಂಡಿತ ಮಂಚದ ಕೆಳಗಿನ ಪೆಟ್ಟಿಗೆಯಲ್ಲಿರುತ್ತಿತ್ತು. ಅಜ್ಜಿ ನಮ್ಮನ್ನು ಕೈಬೀಸಿ ಕರೆದು, ಹಿಡಿಯಿಲ್ಲದ ಪುಟ್ಟ ಬಟ್ಟಲುಗಳಲ್ಲಿ ಏಲಕ್ಕಿ ಹಾಕಿದ ಕಹ್ವಾ, ಜೊತೆಗೆ ಖರ್ಜೂರ ಕೊಟ್ಟರು. ಸಾಕೆನ್ನಲು ಬಟ್ಟಲನ್ನು ಅಲುಗಾಡಿಸಬೇಕೆಂದು ನನಗೆ ಗೊತ್ತಿರಲಿಲ್ಲ. ಕುಡಿದಂತೆಲ್ಲ ತುಂಬುತ್ತಿದ್ದರು, ಆರು ಬಟ್ಟಲು ಕುಡಿದೆ. ಬರುವಾಗ ಕಾರಿನಲ್ಲಿ ಮಗಳು, "ಅವರ ಮನೇಲಿ ಎಲ್ಲ 'ಇಲ್ಲಿಗೆ'ನೇನಮ್ಮಾ?" ಎಂದಳು. ಸುಮ್ಮನೆ ಕೂತುಕೋ ಎಂದು ಗದರಿದೆ.

2000ದ ಏಪ್ರಿಲಿನಲ್ಲಿ ಮೊದಲ ಸಲ ರಜೆಗೆ ಹೊರಟೆವು. ಎರಡು ವರ್ಷಕ್ಕೊಮ್ಮೆ ಕಂಪನಿ ಟಿಕೆಟ್ಟು ಕೊಡುತ್ತಿತ್ತು. ಅಮ್ಮನಿಗೆಂದು ಒಂದು ದಪ್ಪ ರಗ್ಗು ಕೊಂಡಿದ್ದೆ. ಗಲ್ಫಿನಿಂದ ಬರುವವರೆಲ್ಲ ತರುತ್ತಿದ್ದರಲ್ಲ, ಬೆಕ್ಕಿನ ಮೈಯಂತೆ ನುಣುಪಾದದ್ದು, ಮೇಲೆ ದೊಡ್ಡ ದೊಡ್ಡ ಗುಲಾಬಿ, ಅಂಥದ್ದು. ಸಾಗರದ ಮಳೆಗಾಲದಲ್ಲಿ ಅಮ್ಮನ ಮಂಡಿನೋವು ಕಂಬಳಿಗೆ ಬಗ್ಗುತ್ತಿರಲಿಲ್ಲ. ವಿಮಾನ ನಿಲ್ದಾಣದಲ್ಲಿ ತೂಗಿದರೆ ಏಳು ಕಿಲೋ ಹೆಚ್ಚು. ಹಿಂದೆ ಉದ್ದನೆಯ ಸಾಲು. ಹಗ್ಗ ಬಿಚ್ಚುತ್ತ ಇವರು ಕೇಳಿದರು: "ಯಾವುದು ತೆಗೀಲಿ? ಡಿನ್ನರ್ ಸೆಟ್ಟಾ, ರಗ್ಗಾ?"

ಉತ್ತರ ಕೊಟ್ಟವಳು ನಾನು.

ರಗ್ಗನ್ನೂ ಒಂದು ಹಾಲಿನಪುಡಿ ಡಬ್ಬವನ್ನೂ ನಮ್ಮನ್ನು ಬಿಡಲು ಬಂದಿದ್ದ ಚೇಚಿಯ ಯಜಮಾನರ ಕೈಗೆ ಕೊಟ್ಟೆವು. ಊರಲ್ಲಿ ಅಮ್ಮನಿಗೆ ವಿಷಯ ಹೇಳಿದಾಗ, "ಬಿಡೇ, ಬೇಸಿಗೇಲಿ ರಗ್ಗು ಯಾರು ಹೊದೀತಾರೆ? ಮುಂದಿನ ಸಲ ತಂದ್ರಾಯ್ತು" ಎಂದಳು. ಡಿನ್ನರ್ ಸೆಟ್ಟಿನ ಒಂದು ತಟ್ಟೆಯನ್ನು ಬೆಳಕಿಗೆ ಹಿಡಿದು, ಇಷ್ಟು ತೆಳ್ಳಗಿದೆಯಲ್ಲ, ಬಿಸಿ ಅನ್ನ ತಡೆಯುತ್ತದೋ ಇಲ್ಲವೋ ಎಂದಳು.

2001ರ ಜುಲೈಯಲ್ಲಿ ಫೋನು ಬಂತು. ಮೂರು ದಿನ ಜ್ವರ, ನಾಲ್ಕನೆಯ ದಿನ ಬೆಳಗಿನ ಜಾವ ಹೋಗಿಬಿಟ್ಟಿದ್ದಳು. ಟಿಕೆಟ್ಟು ಸಿಕ್ಕಿ, ಮುಂಬೈ ದಾರಿಯಾಗಿ ಸಾಗರ ತಲುಪುವಾಗ ಎಲ್ಲ ಮುಗಿದಿತ್ತು. ಮಳೆ ಧೋ ಎಂದು ಸುರಿಯುತ್ತಿತ್ತು. ಅಮ್ಮನ ಮಂಚದ ಮೇಲೆ ಅದೇ ಕಂಬಳಿ, ಮಡಚಿ ಇಟ್ಟಿದ್ದರು. ಅತ್ತಿಗೆ, "ಚಳಿ ಚಳಿ ಅಂತಿದ್ರು ಕಣೇ" ಎಂದರು. ಅವರಿಗೆ ರಗ್ಗಿನ ವಿಷಯ ಗೊತ್ತಿರಲಿಲ್ಲ. ನಾನೂ ಹೇಳಲಿಲ್ಲ. ಇಲ್ಲಿ ಬರೆದದ್ದೇ ಮೊದಲು.

ಮಸ್ಕತ್ತಿಗೆ ಮರಳಿದ ರಾತ್ರಿಯೇ ಪೆಟ್ಟಿಗೆ ಎಳೆದು ರಗ್ಗು ತೆಗೆದೆ. ಹೊರಗೆ ಆಗಸ್ಟಿನ ಸೆಕೆ. ಇವರು ಏನೂ ಕೇಳದೆ ಏಸಿ ಜೋರು ಮಾಡಿದರು. ನೆಲಕ್ಕೆ ಹಾಸಿ ನಾಲ್ವರೂ ಅದರ ಮೇಲೆ ಮಲಗಿದೆವು. ಬೆಳಿಗ್ಗೆ ನಾನೇ ಹೇಳಿದೆ: "ಆ ಹಲಗೆ ತರ್ತೀನಿ ಅಂತಿದ್ರಲ್ಲ, ತನ್ನಿ."

ಇವರು ಲೆಕ್ಕದಲ್ಲಿ ಗಟ್ಟಿ, ಬಡಗಿಕೆಲಸದಲ್ಲಿ ಅಷ್ಟಕ್ಕಷ್ಟೆ. ಷೆಲ್ಫು ಎಡಕ್ಕೆ ವಾಲಿತು. ಪುಸ್ತಕಗಳು ತಾವಾಗಿಯೇ ಒಂದು ಮೂಲೆ ಸೇರುತ್ತಿದ್ದವು. ಕೆಳಗೊಂದು ರಟ್ಟಿನ ಚೂರು ಸಿಕ್ಕಿಸಿ ಸರಿಮಾಡಿದೆವು. ರೂವಿಯಲ್ಲಿ ಬಟ್ಟೆ ತಂದು ಚೇಚಿಯ ಹೊಲಿಗೆಯಂತ್ರದಲ್ಲಿ ಪರದೆ ಹೊಲಿದೆ. ಖಾಲಿ ಪೇಂಟಿನ ಡಬ್ಬದಲ್ಲಿ ಕರಿಬೇವಿನ ಗಿಡ ಬಾಲ್ಕನಿಗೆ ಬಂತು. ಬೇಸಿಗೆಯಲ್ಲಿ ಅದನ್ನು ಎರಡು ಬಾರಿ ಒಳಗೆ ಹೊತ್ತು ತಂದು ಉಳಿಸಿಕೊಂಡೆ. ಗುರುವಾರದ ಮತ್ರಾ ಸವಾರಿ ನಿಲ್ಲಲಿಲ್ಲ, ಗುಣಿಸುವುದೂ ನಿಲ್ಲಲಿಲ್ಲ. ಪೆನ್ನು ಮಾತ್ರ ಒಣಗಿ ಹೋಯಿತು. ಅಮ್ಮನ ಫೋಟೋಕ್ಕೆ ಮೊಳೆ ಹೊಡೆದದ್ದು ನಾನು, ಒಂದೇ ಏಟಿಗೆ.

2004ರಲ್ಲಿ ಮನೆ ಬಿಡುವಾಗ ಷೆಲ್ಫು, ಗಿಡ ಎರಡೂ ಚೇಚಿಗೆ ಹೋದವು. ರಗ್ಗು ನಮ್ಮ ಜೊತೆ ಬಂತು. ತೂಕ ಹೆಚ್ಚಾದದ್ದಕ್ಕೆ ದುಡ್ಡು ಕಟ್ಟಿದೆವು, ಗುಣಿಸಲಿಲ್ಲ. ಗೋಡೆಯ ಮೊಳೆ ತೂತುಗಳಿಗೆ ಇವರು ಬಿಳಿ ಟೂತ್‌ಪೇಸ್ಟು ತುಂಬಿ, ಬೆರಳಲ್ಲಿ ಒರೆಸಿ, ದೂರ ನಿಂತು ನೋಡಿ ಸಮಾಧಾನಪಟ್ಟರು. ಮಾಲೀಕರ ಕಡೆಯ ಮನುಷ್ಯ ಬಂದು ಗೋಡೆಯ ಮೇಲೆಲ್ಲ ಕಣ್ಣಾಡಿಸಿ, "ಮೊಳೆ ಏನಾದರೂ ಹೊಡೆದಿದ್ದೀರಾ?" ಎಂದು ಹಿಂದಿಯಲ್ಲಿ ಕೇಳಿದ.

"ಇಲ್ಲವಲ್ಲ" ಎಂದರು ಇವರು.

"ಹದಿನಾಲ್ಕು!" ಎಂದ ಮಗ.